ಕಣ್ಣಳತೆ

"ಪಾದದಳತೆ ಕೊಟ್ಬುಡಿ ಸಾಮಿ, ಹೊತ್ತೇರ್ತಾ ಅದೆ," ಎಂದು ಚೆಲುವಯ್ಯ ಮೂರನೆಯ ಸಲ ಕೇಳಿದ. ಬಸವರಾಜು ಪ್ಯಾಂಟಿನ ಜೇಬಿನಿಂದ ಕೈ ತೆಗೆಯಲಿಲ್ಲ.

ಚೆಲುವಯ್ಯ ರುದ್ರಭೂಮಿಯಲ್ಲಿ ಗುಂಡಿ ತೆಗೆಯುವವನು. ವಿದ್ಯಾರಣ್ಯಪುರಂನ ಆ ಪುಟ್ಟ ಮನೆಯ ಹೊಸಿಲಾಚೆ ಬಿದಿರಿನ ಸೀಳೊಂದನ್ನು ಹಿಡಿದು ನಿಂತಿದ್ದ. ಲಿಂಗ ಕಟ್ಟಿದವರನ್ನು ಕೂರಿಸಿ ಮಣ್ಣು ಮಾಡುವ ಗುಂಡಿಗೆ ಅಡಿ, ಗಜದ ಲೆಕ್ಕ ನಡೆಯುವುದಿಲ್ಲ. ಸತ್ತವರ ಅಂಗಾಲಿಗೆ ಕಡ್ಡಿ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದುಕೊಡಬೇಕು. ಆ ಕಡ್ಡಿಯಲ್ಲಿ ಉದ್ದಕ್ಕೆ ಒಂಬತ್ತು, ಅಗಲಕ್ಕೆ ಐದು. ಹೋಗುವವರು ತಮ್ಮ ಪಾದದ ಲೆಕ್ಕದಲ್ಲೇ ಜಾಗ ಕೇಳಿಕೊಂಡು ಹೋಗುತ್ತಾರೆ.

ಪಾದ ಇದ್ದದ್ದು ನಡುಮನೆಯಲ್ಲಿ, ಬಿಳೀ ಕಾಲುಚೀಲದ ಒಳಗೆ.

ಸಿದ್ದಮಲ್ಲಪ್ಪನನ್ನು ಬೆಳಗ್ಗೆಯೇ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದರು. ಮೈ ಸೆಡೆತುಕೊಳ್ಳುವ ಮುಂಚೆ ಆ ಕೆಲಸ ಆಗಬೇಕು. ಎದೆಯ ಸುತ್ತ ಪಂಚೆ ಬಳಸಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಬಿಳೀ ತುಂಬುತೋಳಿನ ಅಂಗಿ, ಕುತ್ತಿಗೆಯ ಗುಂಡಿಯವರೆಗೂ ಹಾಕಿದ್ದು. ಐವತ್ತೆಂಟು ವರ್ಷದ ಮುಖ, ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿದ ಹಾಗಿತ್ತು.

"ಹತ್ತಿಂಚು ಅಂತ ಹಿಡ್ಕೊ ಕಣಪ್ಪ," ಎಂದ ಬಸವರಾಜು. ಅವನು ಸತ್ತವನ ಸ್ವಂತ ತಮ್ಮ. "ನಮ್ಮಣ್ಣ ಊರಿನೋರನ್ನೆಲ್ಲ ಕಣ್ಣಲ್ಲೇ ಅಳೆದೋನು. ಅವನಿಗೂ ಕಣ್ಣಳತೆ ಸಾಕು."

ಬಾಗಿಲ ಬಳಿ ಇದ್ದ ಮಂಡಿ ಮೊಹಲ್ಲಾದ ಬೇಳೆ ಮಂಡಿಯ ಸಣ್ಣಯ್ಯ ತಲೆದೂಗಿದ. ಅವನ ಮೈಮೇಲಿದ್ದುದೂ ಸಿದ್ದಮಲ್ಲಪ್ಪ ಹೊಲಿದ ಅಂಗಿಯೇ. "ಅದೇನು ಕಣ್ಣು ಅಂತೀರಿ. ನನ್ನ ಹೊಟ್ಟೆ ಬೆಳೆಯೋದು ನನಗಿಂತ ಮುಂಚೆ ಅವರಿಗೆ ಗೊತ್ತಾಗ್ತಿತ್ತು. 'ಸಣ್ಣಯ್ಯನೋರೆ, ಯುಗಾದಿ ಹೊತ್ತಿಗೆ ಬೇಕಾಗ್ತದೆ' ಅಂತ ಒಂದಿಂಚು ಒಳಗೆ ಬಿಟ್ಟೇ ಹೊಲಿಯೋರು. ಯುಗಾದಿ ಹೊತ್ತಿಗೆ ಬೇಕೇ ಆಗೋದು."

ಎರಡು ಮೂರು ಜನ ಮೆತ್ತಗೆ ನಕ್ಕರು. ಸಾವಿನ ಮನೆಯಲ್ಲಿ ನಗುವವರು ನಕ್ಕಮೇಲೆ ಕೆಮ್ಮುತ್ತಾರಲ್ಲ, ಹಾಗೆ ಕೆಮ್ಮಿದರು.

ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ಪ್ರೇಮಲೀಲಾ ನಗಲೂ ಇಲ್ಲ, ಅಳಲೂ ಇಲ್ಲ. ಬೆಳಗ್ಗೆ ಗಂಡನನ್ನು ಹಾಸಿಗೆಯಿಂದ ಗೋಡೆಯ ಹತ್ತಿರ ತಂದ ಬಗೆ ಅವಳ ಕಣ್ಣಿಗೆ ಕಟ್ಟಿತ್ತು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಜಮಖಾನದ ಸಮೇತ ಎತ್ತಿ ತಂದರು. ಒರಗಿಸುವಾಗಲೂ, ಕಾಲು ಮಡಿಸುವಾಗಲೂ ಜಮಖಾನವನ್ನೇ ಎಳೆದರು. ಯಾರ ಬೆರಳೂ ಮೈಗೆ ಸೋಕಲಿಲ್ಲ. ಅದನ್ನು ಎಷ್ಟು ನಾಜೂಕಾಗಿ ಮಾಡಿದರೆಂದರೆ, ಹದಿನೇಳು ವರ್ಷ ಅದೇ ನಾಜೂಕನ್ನು ನೋಡಿದ್ದ ಅವಳಿಗಲ್ಲದೆ ಬೇರೆಯವರಿಗೆ ತಿಳಿಯುವಂತಿರಲಿಲ್ಲ.

ಮಣ್ಣು ಸೇರುವ ಮುಂಚೆ ಒಂದು ಸಲ, ಎಲ್ಲರನ್ನೂ ಮುಟ್ಟುವ ಹಾಗೆ ಇವರನ್ನೂ ಮುಟ್ಟಲಿ. ಬೆಳಗಿನಿಂದ ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

"ಚೆಲುವಯ್ಯ, ಒಂದು ಗಳಿಗೆ ಕೂತ್ಕೊಳಪ್ಪ," ಎಂದಳು. "ಅಂದಾಜು ಬೇಡ. ಮೂಗಯ್ಯ ಅಂಗಡಿಯಿಂದ ಅವರ ಟೇಪು ತರ್ತಾ ಇದಾನೆ."

"ಟೇಪ್ ಯಾಕತ್ತಿಗೆ? ಗುಂಡಿಗೆ ಯಾರಾದ್ರೂ ಟೇಪ್ ಹಿಡೀತಾರಾ?" ಎಂದ ಬಸವರಾಜು.

"ನಾನು ಹಿಡೀತೀನಿ," ಎಂದಳು ಪ್ರೇಮಲೀಲಾ.

*

ಮಂಡಿ ಮೊಹಲ್ಲಾದ ಅಂಗಡಿ ಎಂದರೆ, ಎರಡು ಸಗಟು ಮಳಿಗೆಗಳ ನಡುವೆ ಒಂದು ಬಾಗಿಲಗಲದ ಸಂದು. ಎದುರಿಗೆ ಸಿದ್ದಮಲ್ಲಪ್ಪನ ಮೆಷಿನ್ನು. ಅದರ ಹಿಂದೆ ಮೂಗಯ್ಯನ ಮಣೆ. ಮೂಗಯ್ಯ ಕಾಜ ಹೊಲಿದು ಗುಂಡಿ ಹಾಕಿ ಇಸ್ತ್ರಿ ಮಾಡುವವನು. ಅಶೋಕಪುರಂನ ಕೇರಿಯಿಂದ ಬೆಳಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದ. ಇಬ್ಬರೂ ಮಧ್ಯಾಹ್ನ ಬುತ್ತಿ ಬಿಚ್ಚಿ, ಅವನ ಮುದ್ದೆ ಇವನ ಪಲ್ಯ ಹಂಚಿಕೊಂಡು ತಿನ್ನುತ್ತಿದ್ದುದು ಮನೆಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ತೊಂಬತ್ತೊಂದರ ಚಳಿಗಾಲದಲ್ಲಿ ಸಿದ್ದಮಲ್ಲಪ್ಪನ ಮೊಣಕೈಯಲ್ಲಿ ಎಂಟಾಣೆ ಬಿಲ್ಲೆಯಷ್ಟು ಕೆಂಪು ಎದ್ದಿತು. ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ಕೆರೆದರೆ ಉದುರುವುದು, ಉದುರಿದ ಕಡೆ ಹನಿ ರಕ್ತ. ಯಾರೋ ಗಜಕರ್ಣ ಎಂದರು. ವರ್ಷ ತಿರುಗುವಷ್ಟರಲ್ಲಿ ಮಂಡಿ, ಬೆನ್ನು, ತಲೆ, ಕೊನೆಗೆ ಅಂಗೈ. ಸೋರಿಯಾಸಿಸ್ ಎಂಬ ಹೆಸರು ಗೊತ್ತಾದದ್ದು ಆಮೇಲೆ. ಎಣ್ಣೆ ಸವರಿಕೊಂಡರೆ ಕೈ ಮೆತ್ತಗಾಗುತ್ತಿತ್ತು. ಆದರೆ ಎಣ್ಣೆ ಕೈ ತಾಗಿದರೆ ಗಿರಾಕಿಯ ಬಟ್ಟೆ ಕೆಟ್ಟೀತು. ಹಾಗಾಗಿ ಹಗಲೆಲ್ಲ ಒಣಕಲು ಕೈಯಲ್ಲೇ ಕತ್ತರಿ ಹಿಡಿಯಬೇಕು. ಬೆರಳು ಬಿರಿಯುತ್ತಿದ್ದವು.

ಒಂದು ದಿನ ಮದುವೆಗಂಡೊಬ್ಬ ಅಂಗಿ ಹೊಲಿಸಲು ಬಂದ. ಸಿದ್ದಮಲ್ಲಪ್ಪ ಟೇಪು ಬಿಡಿಸಿ ಅವನ ಕುತ್ತಿಗೆಯ ಸುತ್ತ ತಂದ. ಹುಡುಗನ ಕಣ್ಣು ಆ ಬೆರಳುಗಳ ಮೇಲೆ ಬಿತ್ತು. ಒಂದೇ ಹೆಜ್ಜೆ ಹಿಂದೆ ಸರಿದ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಟ್ಟು ಮುಗಿಸಬಹುದಿತ್ತು.

"ಅಲ್ಲೇ ನಿಂತ್ಕೊಳಿ. ಬಾಗಿಲಲ್ಲೇ," ಎಂದ ಸಿದ್ದಮಲ್ಲಪ್ಪ, ಟೇಪನ್ನು ತನ್ನ ಕೊರಳಿಗೇ ಹಾಕಿಕೊಂಡು. "ಒಂದು ಸುತ್ತು ತಿರುಗಿ. ನಿಧಾನ."

ಹುಡುಗ ತಿರುಗಿದ. ಸಿದ್ದಮಲ್ಲಪ್ಪ ಪುಸ್ತಕದಲ್ಲಿ ಏಳೆಂಟು ಅಂಕಿ ಬರೆದ. ಮೂಗಯ್ಯ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡಿದ. ನಾಲ್ಕು ದಿನಕ್ಕೆ ಅಂಗಿ ತಯಾರಾಯಿತು. ತೊಟ್ಟು ನೋಡಿದರೆ ಎಲ್ಲೂ ನೂಲಿನೆಳೆಯಷ್ಟು ಹೆಚ್ಚು ಕಮ್ಮಿ ಇರಲಿಲ್ಲ.

ಅಲ್ಲಿಂದಾಚೆ ಸಿದ್ದಮಲ್ಲಪ್ಪ ಯಾರ ಮೈಗೂ ಟೇಪು ಹಿಡಿಯಲಿಲ್ಲ. ಬಾಗಿಲಲ್ಲಿ ನಿಲ್ಲಿಸುವುದು, ಒಂದು ಸುತ್ತು ತಿರುಗಿಸುವುದು. ಊರಿಗೆ ಅದೊಂದು ವಿದ್ಯೆಯಾಗಿ ಕಂಡಿತು. ಕಣ್ಣಳತೆ ಟೈಲರ್ ಎಂದು ಹೆಸರಾಯಿತು. ಪಂದ್ಯ ಕಟ್ಟಿ ಪರೀಕ್ಷೆ ಮಾಡಲು ಬಂದವರೂ ಉಂಟು. ಟೇಪು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅವನ ಕೊರಳಲ್ಲೇ ಇಳಿಬಿದ್ದಿರುತ್ತಿತ್ತು, ಹಾಕಿಕೊಂಡವನನ್ನು ಬಿಟ್ಟು ಇನ್ನಾರನ್ನೂ ಮುಟ್ಟದೆ.

ಮನೆಯಲ್ಲಿಯೂ ಅದೇ ಆಯಿತು. ಸಂಜೆ ಬಂದವನಿಗೆ ಪ್ರೇಮಲೀಲಾ ತಾರಸಿಯ ಇಳಿಬಿಸಿಲಲ್ಲಿ ಕೂರಿಸಿ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಎದುರಿಗೆ ಚಾಮುಂಡಿ ಬೆಟ್ಟ ಕೆಂಪಗಾಗಿ ಕಪ್ಪಗಾಗುವವರೆಗೂ ತಿಕ್ಕುತ್ತಿದ್ದಳು. ಅವಳು ಅವನನ್ನು ಮುಟ್ಟಿದಳು. ಅವನು ಅವಳನ್ನು ಮುಟ್ಟುವುದನ್ನು ಬಿಟ್ಟ. ಚಾಪೆ ಬೇರೆಯಾಯಿತು. ಬೆಳಗ್ಗೆ ಎದ್ದು ತನ್ನ ಹಾಸಿಗೆಯ ಹೊಟ್ಟನ್ನು ತಾನೇ ಕೊಡವಿ ಬರುತ್ತಿದ್ದ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲವೆಂದು ಹೊದಿಕೆಯೂ ಬಿಳಿ, ಅಂಗಿಯೂ ಬಿಳಿ.

ಮಗಳು ರಕ್ಷಿತಾಳ ಮದುವೆಗೆ ಪ್ರೇಮಲೀಲಾಗೊಂದು ರೇಷ್ಮೆ ರವಿಕೆ ಹೊಲಿಯಬೇಕಾಯಿತು. ಮನೆಯ ಮೆಷಿನ್ನಿನ ಮುಂದೆ ಕೂತು, "ಬಾಗಿಲಲ್ಲಿ ನಿಂತ್ಕೊ ಲೀಲಾ. ಒಂದು ಸುತ್ತು ತಿರುಗು," ಎಂದ.

"ನಾನೇನು ನಿಮ್ಮ ಗಿರಾಕೀನಾ?" ಎಂದಳು. "ನನಗಾದ್ರೂ ಟೇಪು ಹಿಡೀಬಾರ್ದಾ?"

"ಕೈ ಒರಟು ಕಣೆ. ನಿನ್ನ ಸೀರೆ ಎಳೆ ಎದ್ದುಬುಡ್ತದೆ."

"ಏಳ್ಲಿ."

ಅವನು ನಕ್ಕ, ಎದ್ದು ಬರಲಿಲ್ಲ. ಅವಳು ಮುನಿಸಿಕೊಂಡು ಸರಕ್ಕನೆ ತಿರುಗಿ ನಿಂತಳು. "ಅಷ್ಟು ಬೇಗ ಅಲ್ಲ. ನಿಧಾನ," ಎಂದ ಅವನು. ರವಿಕೆ ಮೈಗೆ ಅಚ್ಚು ಹೊಯ್ದ ಹಾಗೆ ಕೂತಿತು. ಮದುವೆಗೆ ಬಂದ ಹೆಂಗಸರೆಲ್ಲ ಹೊಗಳಿದರು.

*

"ಚರ್ಮದ ಕಾಯಿಲೆಗೆ ಯಾರಾದ್ರೂ ಸಾಯ್ತಾರೇನಮ್ಮಾ?" ಪಕ್ಕದ ಮನೆಯ ಪಾರ್ವತಮ್ಮ ಕಾಫಿಯ ಲೋಟಗಳನ್ನು ಒಟ್ಟು ಮಾಡುತ್ತ ರಾಗ ಎಳೆದರು. "ಅದು ಇದ್ದೇ ಇತ್ತು ಪಾಪ. ಇದು ಹಾರ್ಟು. ಅದೇ ಬೇರೆ, ಇದೇ ಬೇರೆ."

"ಬೇರೆ ಅಲ್ಲ ಅತ್ತೆ," ಎಂದಳು ರಕ್ಷಿತಾ. ಮಂಡ್ಯದಿಂದ ಮೊದಲ ಬಸ್ಸಿಗೆ ಬಂದವಳು ಇನ್ನೂ ಬಸ್ಸಿನ ದೂಳಿನಲ್ಲೇ ಇದ್ದಳು. "ಎರಡಕ್ಕೂ ನಂಟಿದೆ ಅಂತ ಡಾಕ್ಟ್ರು ಹೇಳಿದ್ರಂತೆ. ಅಮ್ಮನೇ ಫೋನಲ್ಲಿ ಹೇಳಿದ್ಲು."

"ಅದ್ಯಾವ ಡಾಕ್ಟ್ರೋ. ಮೈಮೇಲೆ ಬಂದದ್ದು ಮೈಮೇಲೇ ಹೋಗ್ತದೆ. ಒಳಗಿನ ನಂಜು ಹೊರಗೆ ಬಂದೋರಿಗೆ ಒಳಗೆ ಏನಿರಲ್ಲ, ನಮ್ಮತ್ತೆ ಹೇಳೋರು. ಇವರಿಗೆ ಎಂಗೆ ಬಂತೋ ಹಾರ್ಟು."

ಪಾರ್ವತಮ್ಮ ಲೋಟಗಳನ್ನೆತ್ತಿಕೊಂಡು ಹಿತ್ತಿಲಿಗೆ ಹೋದರು. ರಕ್ಷಿತಾ ತಾಯಿಯ ಹತ್ತಿರ ಸರಿದು ದನಿ ತಗ್ಗಿಸಿದಳು.

"ಅಮ್ಮಾ, ಆವತ್ತು ಎದೆ ಟೆಸ್ಟ್ ಆಯ್ತು, ಎಲ್ಲ ಸರಿಯಾಗಿದೆ ಅಂದಿದ್ಯಲ್ಲ. ಆ ರಿಪೋರ್ಟ್ ಎಲ್ಲಿದೆ? ಅವರೇನು ನೋಡಿದ್ರೋ ಏನೋ."

ಪ್ರೇಮಲೀಲಾ ಗಂಡನ ಕಾಲುಚೀಲವನ್ನೇ ನೋಡುತ್ತಿದ್ದಳು. ಬೆಳಗಿನ ಜಾವ ಎದ್ದು ಕೂತು, "ಎದೆ ಉರೀತಾ ಅದೆ ಲೀಲಾ, ಪಿತ್ತ ಇರ್ಬೇಕು, ಒಂದು ಲೋಟ ಮಜ್ಜಿಗೆ ಕೊಡು," ಎಂದಿದ್ದ. ಅವಳು ಮಜ್ಜಿಗೆಗೆ ಉಪ್ಪು ಹಾಕಿ ಕದಡಿ ತರುವಷ್ಟರಲ್ಲಿ ಗೋಡೆಗೆ ತಲೆ ಕೊಟ್ಟಿದ್ದ. ಲೋಟ ಇನ್ನೂ ಕಿಟಕಿಯಲ್ಲೇ ಇತ್ತು.

"ರಿಪೋರ್ಟ್ ಇಲ್ಲ ಕಣೆ," ಎಂದಳು. "ಟೆಸ್ಟ್ ಆಗಲಿಲ್ಲ. ನಾನೇ ಕರ್ಕೊಂಡು ಬಂದ್ಬುಟ್ಟೆ."

*

ನಂಜು ಹೊರಗೆ ಬಂದಿದೆ, ಒಳಗೆ ಶುದ್ಧ. ಈ ಒಂದು ಮಾತಿನ ಮೇಲೆ ಅವರ ಸಂಸಾರ ಹದಿನಾರು ವರ್ಷ ಕೂತಿತ್ತು.

ನಾಟಿವೈದ್ಯರು ಹೇಳಿದರು, ನೆಂಟರು ಹೇಳಿದರು, ಕೊನೆಗೆ ಅವರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಮೈ ಹೆಚ್ಚು ಕೆಂಪಾದ ದಿನ, "ಬರಲಿ ಬಿಡು, ಒಳಗಿದ್ದು ಮಾಡೋದೇನು," ಎಂದು ಸಿದ್ದಮಲ್ಲಪ್ಪನೇ ಸಮಾಧಾನ ಹೇಳುತ್ತಿದ್ದ. ಪ್ರೇಮಲೀಲಾ ಪಥ್ಯ ನಡೆಸಿದಳು. ಬದನೆ ಇಲ್ಲ, ಕಡಲೆಕಾಯಿ ಇಲ್ಲ, ಹಲಸು ಇಲ್ಲ. ಧನುರ್ಮಾಸದಲ್ಲಿ ಬೀದಿಗೆ ಬೀದಿಯೇ ಅವರೆಕಾಯಿ ಸೊಗಡಿನಲ್ಲಿ ಮುಳುಗಿದಾಗಲೂ ಆ ಮನೆಯಲ್ಲಿ ಹಿತಕಿದವರೆ ಸಾರಿಲ್ಲ. ಅವನಿಗೆ ಅದೆಂದರೆ ಪ್ರಾಣ. "ಸೊಗಡು ಮೂಸಿದ್ರೂ ನಂಜಾ ಡಾಕ್ಟ್ರಮ್ಮಾ?" ಎಂದು ಹೆಂಡತಿಯನ್ನು ರೇಗಿಸುತ್ತಿದ್ದ. ಹೊರಗಿನ ಮೈಯನ್ನು ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಒಳಗಿನದು ಶುದ್ಧವಾಗಿತ್ತಲ್ಲ, ಅದನ್ನು ಕಾಯುವ ಯೋಚನೆ ಬರಲಿಲ್ಲ. ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿ ಸಿಗುವ ಮೊದಲೇ ಅವನು ಎದೆ ಹಿಡಿದು ಕೂತ ದಿನ, ವಯಸ್ಸಾಯಿತು ಎಂದುಕೊಂಡು ಇಬ್ಬರೂ ನಕ್ಕು ಇಳಿದು ಬಂದರು.

ಹೋದ ವರ್ಷ ಆಷಾಢದಲ್ಲಿ ಸಣ್ಣಯ್ಯನ ಬಲವಂತಕ್ಕೆ ಒಂದು ಆಸ್ಪತ್ರೆಗೆ ಹೋದರು. ಅಲ್ಲಿ ಚರ್ಮದ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಹುಡುಗಿ, ಡಾಕ್ಟರ್ ಕೀರ್ತಿ. ರಕ್ಷಿತಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳು ಕೈಗವಸು ಹಾಕಿಕೊಳ್ಳಲಿಲ್ಲ. ಸಿದ್ದಮಲ್ಲಪ್ಪನ ಅಂಗೈಯನ್ನು ತನ್ನ ಬರಿಗೈಯಲ್ಲಿ ತೆಗೆದುಕೊಂಡು, ಮಗುಚಿ, ಉಗುರುಗಳನ್ನು ಒಂದೊಂದಾಗಿ ನೋಡಿದಳು.

"ಇದು ಅಂಟೋ ಕಾಯಿಲೆ ಅಲ್ಲ. ಗೊತ್ತಲ್ಲ?" ಎಂದಳು.

"ಗೊತ್ತು ತಾಯಿ. ಬೇರೆಯವರಿಗೆ ಗೊತ್ತಿಲ್ಲ," ಎಂದ ಸಿದ್ದಮಲ್ಲಪ್ಪ.

"ಮೆಟ್ಟಿಲು ಹತ್ತಿದ್ರೆ ಸುಸ್ತಾಗುತ್ತಾ? ಎದೇಲಿ ಏನಾದ್ರೂ?"

"ಚರ್ಮಕ್ಕೂ ಎದೆಗೂ ಏನಮ್ಮಾ?" ಎಂದು ಪ್ರೇಮಲೀಲಾ ನಡುವೆ ಬಾಯಿ ಹಾಕಿದಳು.

"ಬರೀ ಚರ್ಮದ ಕಾಯಿಲೆ ಅಂತಲೇ ನಾವೂ ಓದಿದ್ವಿ ಅಮ್ಮಾ. ಈಗೀಗ ಬೇರೆ ಥರ ತಿಳೀತಾ ಇದೆ. ಈ ಕೆಂಪು, ಈ ಉರಿಯೂತ, ಇದು ಮೇಲಷ್ಟೇ ಇರಲ್ಲ. ರಕ್ತ ಓಡೋ ನಾಳಗಳಲ್ಲೂ ಒಳಗೊಳಗೇ ನಡೀತಿರುತ್ತೆ. ತುಂಬ ವರ್ಷದಿಂದ ಹೆಚ್ಚಾಗಿರೋರಿಗೆ ಹಾರ್ಟ್ ತೊಂದರೆ ಬರೋ ಸಂಭವ ಉಳಿದವರಿಗಿಂತ ಜಾಸ್ತಿ. ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ನೋಡಿಸ್ಕೋಬೇಕು."

"ಒಳಗಿನದು ಹೊರಗೆ ಬಂದ್ರೆ ಒಳಗೆ ಶುದ್ಧ ಆಗಲ್ವಾ?"

ಡಾಕ್ಟರ್ ನಗಲಿಲ್ಲ. ಅದಕ್ಕೇ ಪ್ರೇಮಲೀಲಾಗೆ ಅವಳ ಮೇಲೆ ನಂಬಿಕೆ ಬಂತು. "ಹೊರಗೆ ಬಂದು ಖಾಲಿ ಆಗೋ ಅಂಥದ್ದಲ್ಲ ಅಮ್ಮಾ ಇದು. ಒಳಗೆ ಒಲೆ ಉರೀತಾನೇ ಇರುತ್ತೆ," ಎಂದು ಇ.ಸಿ.ಜಿ.ಗೂ ರಕ್ತ ಪರೀಕ್ಷೆಗೂ ಚೀಟಿ ಬರೆದಳು. "ಇವತ್ತೇ ಮಾಡಿಸಿ. ಕೆಳಗಡೆ, ಹನ್ನೆರಡನೇ ರೂಮು."

ಮೆಟ್ಟಿಲಿಳಿಯುವಾಗ ಸಿದ್ದಮಲ್ಲಪ್ಪ ತನ್ನ ಅಂಗೈಯನ್ನು ಎರಡು ಸಲ ಎತ್ತಿ ನೋಡಿಕೊಂಡ.

ಹನ್ನೆರಡನೇ ರೂಮಿನ ಪರದೆಯ ಅರ್ಧ ಬಳೆಗಳು ಕಿತ್ತುಹೋಗಿ, ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಆಚೆ ಬೆಂಚಿನ ಮೇಲೆ ಆರೇಳು ಜನ. "ಅಂಗಿ ಬನೀನು ಬಿಚ್ಚಿ ಮಲಗಿ," ಎಂದ ಒಳಗಿದ್ದವನು. ಸಿದ್ದಮಲ್ಲಪ್ಪ ಕುತ್ತಿಗೆಯ ಗುಂಡಿ ಬಿಚ್ಚಿದ. ಎರಡನೆಯದು. ಮೂರನೆಯದು. ಎದೆಯ ಕೆಂಪು ಕಂಡಿತು. ಅಂಗಿಯ ಒಳಗಿಂದ ಹೊಟ್ಟು ಕಪ್ಪು ರೆಕ್ಸಿನ್ನಿನ ಮಂಚದ ಮೇಲೆ ಉದುರಿತು. ಬಿಳಿಯ ಮೇಲೆ ಕಾಣದ್ದು ಕಪ್ಪಿನ ಮೇಲೆ ಚೆನ್ನಾಗಿ ಕಂಡಿತು. ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಮಗುವನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. "ಇದೇನ್ರೀ ಇದು. ಮುಂಚೇನೇ ಹೇಳೋದಲ್ವಾ? ಇರಿ, ಗ್ಲೌಸ್ ತರ್ತೀನಿ," ಎಂದು ಒಳಗಿನವನು ಎದ್ದು ಹೋದ.

ಸಿದ್ದಮಲ್ಲಪ್ಪ ನಾಲ್ಕನೆಯ ಗುಂಡಿಗೆ ಕೈ ಹಾಕಿಕೊಂಡು ನಿಂತಿದ್ದ.

ಪ್ರೇಮಲೀಲಾ ಒಳಗೆ ಬಂದು ಅವನ ಮೂರೂ ಗುಂಡಿಗಳನ್ನು ತಾನೇ ಹಾಕಿದಳು. "ನಡೀರಿ. ಇನ್ನೊಂದು ದಿನ ಬರೋಣ," ಎಂದಳು. ಅವನು ಹಿಂದೆ ಬಂದ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ, "ನೀನು ಕರೀದಿದ್ರೆ ಮಲಗ್ತಿದ್ನೋ ಏನೋ ಕಣೆ," ಎಂದ. ಅಷ್ಟೇ. ಇನ್ನೊಂದು ದಿನ ಬರಲಿಲ್ಲ. ದಸರಾ ಬಂತು, ಹೊಲಿಗೆ ಕೆಲಸ ಮೇಲೆ ಬಿತ್ತು, ದೀಪಾವಳಿ ಬಂತು. ಚೀಟಿ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಉಳಿಯಿತು. ಮಗಳು ಫೋನಿನಲ್ಲಿ ಕೇಳಿದಾಗ, ಎಲ್ಲ ಸರಿಯಾಗಿದೆಯಂತೆ ಎಂದು ಬಾಯಿಗೆ ಬಂದುಬಿಟ್ಟಿತು.

*

ರಕ್ಷಿತಾ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ಬೈದಿದ್ದರೆ ಪ್ರೇಮಲೀಲಾ ತಡೆದುಕೊಳ್ಳುತ್ತಿದ್ದಳು. ಆ ಕೈ ಬಿದ್ದ ಮೇಲೆ ಬೆಳಗಿನಿಂದ ಬಾರದ ಅಳು ಬಂತು.

ಅಷ್ಟು ಹೊತ್ತಿಗೆ ಮಠದ ಅಯ್ಯನವರು ಸಿದ್ದಲಿಂಗಸ್ವಾಮಿಗಳು ಬಂದರು. ಹಿತ್ತಿಲಿನ ಕಲ್ಲಿನ ಮೇಲೆ ಸ್ನಾನದ ಅಣಿಯಾಯಿತು. ಹಂಡೆಯ ನೀರು ಕಾದಿತ್ತು. ಬಸವರಾಜು ನಲ್ಲಿಗೆ ಹಸಿರು ಪೈಪು ಸಿಕ್ಕಿಸುತ್ತಿದ್ದುದನ್ನು ಪ್ರೇಮಲೀಲಾ ನೋಡಿದಳು.

"ಪೈಪ್ ಯಾಕೆ ಬಸವರಾಜು?"

"ದೂರದಿಂದಲೇ ಹಿಡಿದ್ರೆ ಆಯ್ತದೆ ಅತ್ತಿಗೆ. ನೀರು ನೀರೇ ತಾನೆ."

"ನಿಮ್ಮಪ್ಪನಿಗೆ ಪೈಪ್ ಹಿಡಿದ್ರಾ?"

ಬಸವರಾಜು ಅತ್ತಿತ್ತ ನೋಡಿದ. "ನನ್ನೊಬ್ಬನ ಮಾತಲ್ಲ. ಮನೇಲಿ ಮೊಮ್ಮಗು ಅದೆ. ನಾಳೆ ಏನಾದ್ರೂ ಆದ್ರೆ ಯಾರು ನೋಡ್ತಾರೆ?"

ಪ್ರೇಮಲೀಲಾ ತನ್ನ ಎರಡೂ ಅಂಗೈಯನ್ನು ಅವನ ಮುಖದ ಮುಂದೆ ಚಾಚಿದಳು. "ಹದಿನೇಳು ವರ್ಷ ದಿನಾ ಎಣ್ಣೆ ತಿಕ್ಕಿದ ಕೈ ಇವು. ನೋಡು. ಏನು ಅಂಟಿದೆ ಹೇಳು."

ಹಿತ್ತಿಲಲ್ಲಿ ಹತ್ತು ಹನ್ನೆರಡು ಗಂಡಸರಿದ್ದರು. ಎಲ್ಲರಿಗೂ ಅವನು ಹೊಲಿದ ಬಟ್ಟೆಯ ನೆನಪಿತ್ತು. ಎಲ್ಲರೂ ಹಂಡೆಯ ಹೊಗೆಯನ್ನು ನೋಡುತ್ತ ನಿಂತರು. ಸಣ್ಣಯ್ಯ ಒಂದು ಹೆಜ್ಜೆ ಮುಂದಿಟ್ಟು, ಹಿತ್ತಿಲ ಬಾಗಿಲಲ್ಲಿದ್ದ ಅವನ ಹೆಂಡತಿ ಕೆಮ್ಮಿದ್ದಕ್ಕೆ ನಿಂತ.

ಆಗ ಗೇಟಿನ ಆಚೆ ಸೈಕಲ್ ನಿಂತ ಸದ್ದಾಯಿತು. ಮೂಗಯ್ಯ ಕಾಂಪೌಂಡಿನ ಹೊರಗೇ ನಿಂತು, ಟೇಪನ್ನು ಸುರುಳಿ ಸುತ್ತಿ ಹಿಡಿದ ಕೈಯನ್ನು ಗೇಟಿನ ಮೇಲಿಂದ ಚಾಚಿದ. ಇಪ್ಪತ್ತು ವರ್ಷದಿಂದ ಅವನು ಈ ಮನೆಗೆ ಬರುತ್ತಿದ್ದುದು ಗೇಟಿನವರೆಗೆ. ಹಬ್ಬದ ಒಬ್ಬಟ್ಟನ್ನು ಅಲ್ಲೇ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಹಾಗೆ ಕಟ್ಟಿಕೊಡುತ್ತಿದ್ದವಳು ಪ್ರೇಮಲೀಲಾಳೇ.

"ಅಮ್ಮಾವ್ರೆ, ಟೇಪು," ಎಂದ.

ಅವಳು ಹಿತ್ತಿಲಿಂದ ಮನೆಯ ಪಕ್ಕದ ಓಣಿಯಲ್ಲಿ ನಡೆದು ಬಂದು ಗೇಟು ತೆಗೆದಳು. ಟೇಪು ಇಸಿದುಕೊಳ್ಳಲಿಲ್ಲ. "ಒಳಗೆ ಬಾ ಮೂಗಯ್ಯ. ನಿಮ್ಮ ಯಜಮಾನ್ರಿಗೆ ನೀರು ಹಾಕ್ಬೇಕು."

ಮೂಗಯ್ಯ ಅವಳ ಮುಖ ನೋಡಿದ. ಅವಳ ಹಿಂದೆ ಬಂದು ನಿಂತಿದ್ದ ಬಸವರಾಜುವಿನ ಮುಖ ನೋಡಿದ. ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟ.

"ಅತ್ತಿಗೆ, ನಮ್ಮೋರೇ ಇಷ್ಟು ಜನ ಇರುವಾಗ..." ಎಂದು ಬಸವರಾಜು ಶುರು ಮಾಡಿದ. ಉಳಿದದ್ದನ್ನು ಹೇಳದೆ ಅಯ್ಯನವರ ಕಡೆ ತಿರುಗಿದ. "ಬುದ್ಧಿ, ತಾವೇ ಒಂದು ಮಾತು ಹೇಳಿ."

ಅಯ್ಯನವರು ಹಂಡೆಯೊಳಗೆ ಬೆರಳದ್ದಿ ನೋಡಿದರು. ವಯಸ್ಸಾದವರು, ಇಂಥ ನೂರಾರು ಹಿತ್ತಿಲು ಕಂಡವರು. "ನೀರು ಆರ್ತಾ ಅದೆ. ಇಷ್ಟು ಜನ ಇದ್ದೀರಿ, ಯಾರಾದ್ರೂ ಹಾಕಿ ಅಂದೆ. ಅವರೊಬ್ರು ಬಂದ್ರು. ಇನ್ನೇನು ಹೇಳ್ಲಿ?" ಎಂದರು.

ಮೂಗಯ್ಯ ನಡುಮನೆಗೆ ಹೋದ. ಕಿಟಕಿಗೆ ಕಟ್ಟಿದ್ದ ಪಂಚೆಯ ಗಂಟು ಬಿಚ್ಚಿ, ಸಿದ್ದಮಲ್ಲಪ್ಪನ ಕಂಕುಳಲ್ಲಿ ಎರಡೂ ಕೈ ತೂರಿಸಿ ಎದೆಗೆ ಎದೆ ಕೊಟ್ಟು ಎತ್ತಿದ. "ಬನ್ನಿ ಯಜಮಾನ್ರೆ," ಎಂದು ಮೆಲ್ಲಗೆ ಹೇಳಿದ್ದು ಪ್ರೇಮಲೀಲಾಗೆ ಕೇಳಿಸಿತು. ಕಾಲಿನ ಕಡೆ ರಕ್ಷಿತಾ ಹಿಡಿದಳು, ಸೊಂಟಕ್ಕೆ ಪ್ರೇಮಲೀಲಾ. ಹೆಂಗಸರು ಎತ್ತುವ ಪದ್ಧತಿ ಇಲ್ಲವೆಂದು ಯಾರೂ ಹೇಳಲಿಲ್ಲ. ಹೇಳಿದರೆ ಎತ್ತಬೇಕಾಗುತ್ತಿತ್ತು.

ಕಲ್ಲಿನ ಮೇಲೆ ಕೂರಿಸಿ ಅಂಗಿಯ ಗುಂಡಿ ಬಿಚ್ಚಿದವನೂ ಮೂಗಯ್ಯನೇ. ಆ ಗುಂಡಿಗಳನ್ನು ಹೊಲಿದಿದ್ದವನೂ ಅವನೇ. ಮೈ ಪೂರಾ ಬೆಳಕಿಗೆ ಬಂತು. ಚಳಿಗಾಲದಲ್ಲಿ ಅದು ಯಾವಾಗಲೂ ಹೆಚ್ಚು. ಬೆನ್ನ ತುಂಬ ದೇಶಗಳ ನಕ್ಷೆಯ ಹಾಗೆ ಕೆಂಪು, ಅದರ ಮೇಲೆ ಬಿಳಿ. ಜನ ನೋಡಿದರು. ಪ್ರೇಮಲೀಲಾ ಈ ಸಲ ಯಾವ ಗುಂಡಿಯನ್ನೂ ಹಾಕಲು ಹೋಗಲಿಲ್ಲ. ನೋಡಲಿ ಎಂದು ನಿಂತಳು.

ಮೂಗಯ್ಯ ಬಿಸಿನೀರು ಹೊಯ್ದು, ಅಂಗೈಯಲ್ಲಿ ಬೆನ್ನು ಉಜ್ಜಿದ. ಭುಜ, ಕುತ್ತಿಗೆ, ಕಿವಿಯ ಹಿಂದೆ. ತಲೆಗೆ ನೀರು ಹೊಯ್ಯುವಾಗ ಸಿದ್ದಮಲ್ಲಪ್ಪನ ಮೈ ಒಂದು ಕಡೆಗೆ ವಾಲಿ, ತಲೆ ಕಲ್ಲಿನ ತೊಟ್ಟಿಗೆ ಬಡಿಯುವ ಹಾಗಾಯಿತು.

ಬಸವರಾಜುವಿನ ಕೈ 'ಅಣ್ಣಾ' ಎಂಬ ಮಾತಿಗಿಂತ ಮುಂಚೆ ಹೋಗಿ ಆ ತಲೆಯನ್ನು ಹಿಡಿಯಿತು.

ಹಿಡಿದ ಮೇಲೆ ಅವನಿಗೆ ತಾನು ಹಿಡಿದಿರುವುದು ತಿಳಿಯಿತು. ಕೈಯನ್ನು ನೋಡಿಕೊಂಡ. ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ತಂದು ಅಣ್ಣನ ಗಲ್ಲದ ಕೆಳಗೆ ಕೊಟ್ಟು, ಚಿಕ್ಕ ಮಗುವಿನ ತಲೆಗೆ ನೀರು ಹಾಕುವಾಗ ಹಿಡಿಯುವ ಹಾಗೆ ಹಿಡಿದುಕೊಂಡ. "ಹುಯ್ಯಿ ಮೂಗಯ್ಯ," ಎಂದ. "ಕಣ್ಣಿಗೆ ಬೀಳದ ಹಂಗೆ ಹುಯ್ಯಿ." ಅಷ್ಟಾದ ಮೇಲೆ ಸಣ್ಣಯ್ಯನೂ ಬಂದು ಚೆಂಬು ಹಿಡಿದ, ಅವನ ಹೆಂಡತಿ ಎಷ್ಟೇ ಕೆಮ್ಮಿದರೂ.

ಮೈ ಒರೆಸಿ, ವಿಭೂತಿ ಧರಿಸಿ ಆದ ಮೇಲೆ ಪ್ರೇಮಲೀಲಾ ಅವನ ಕಾಲ ಬಳಿ ಕೂತಳು. ನೆನೆದ ಕಾಲುಚೀಲವನ್ನು ಬೆರಳ ಕಡೆಯಿಂದ ಎಳೆದು ತೆಗೆದಳು. ಮೂಗಯ್ಯ ಕೊಟ್ಟ ಟೇಪನ್ನು ಬಿಡಿಸಿದಳು. ಹಳದಿ ಬಣ್ಣ ಮಾಸಿ, ಕೊರಳ ಸುತ್ತ ಬರುವ ಕಡೆಯ ಅಂಕಿಗಳು ಸವೆದಿದ್ದವು. ತುದಿಯ ಅಂಕಿಗಳು ಹೊಸದರ ಹಾಗೇ ಇದ್ದವು. ತುದಿಯನ್ನು ಹಿಮ್ಮಡಿಗೆ ಒತ್ತಿ ಹಿಡಿದು, ಬಿರಿದ ಅಂಗಾಲಿನ ಉದ್ದಕ್ಕೂ ಎಳೆದು, ಹೆಬ್ಬೆರಳ ತುದಿಗೆ ತಂದಳು. ಎರಡು ಸಲ ನೋಡಿದಳು.

"ಒಂಬತ್ತೂ ಮುಕ್ಕಾಲು," ಎಂದಳು.

ಚೆಲುವಯ್ಯ ಬಿದಿರ ಸೀಳನ್ನು ಟೇಪಿಗೆ ಹಿಡಿದು ಲಟಕ್ಕೆಂದು ಮುರಿದುಕೊಂಡ. "ಕಾಲಿಂಚು ಉಳೀತು ನೋಡಿ ಸಾಮಿ," ಎಂದು ಬಸವರಾಜುಗೆ ಹೇಳಿ ದಡದಡ ಹೊರಟ.

*

ಮಣ್ಣು ಮುಗಿಸಿ ಎಲ್ಲರೂ ಬರುವ ಹೊತ್ತಿಗೆ ಬೆಟ್ಟದ ಮೇಲೆ ಬಿಸಿಲು ಕೆಂಪಾಗಿತ್ತು. ಪಾರ್ವತಮ್ಮ ಮನೆ ಸಾರಿಸಿ ದೀಪ ಹಚ್ಚಿಟ್ಟಿದ್ದರು. ಕಿಟಕಿಯ ಮಜ್ಜಿಗೆಯ ಲೋಟ ತೊಳೆದು ಕವುಚಿದ್ದರು. ಬಿಳೀ ಹೊದಿಕೆ, ಜಮಖಾನ ಎಲ್ಲ ಎತ್ತಿದ್ದರು. ನೆಲದಲ್ಲಿ ಒಂದು ಚೂರು ಹೊಟ್ಟೂ ಇರಲಿಲ್ಲ. ಪ್ರೇಮಲೀಲಾ ಗೋಡೆಯ ಬುಡದವರೆಗೂ ಬಗ್ಗಿ ನೋಡಿದಳು. ಇರಲಿಲ್ಲ.

"ಆ ಟೇಪು ಎಸೆದ್ಬುಡು ಅತ್ತಿಗೆ, ಹೆಣಕ್ಕೆ ಹಿಡಿದದ್ದು," ಎಂದ ಬಸವರಾಜು. ಈಗ ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

"ಹ್ಞೂಂ," ಎಂದಳು.

ಜನ ಒಬ್ಬೊಬ್ಬರಾಗಿ ದೀಪ ನೋಡಿ ಹೊರಟರು. ಮೂಗಯ್ಯ ಇನ್ನೂ ಗೇಟಿನ ಒಳಗೇ, ಜಗಲಿಯ ತುದಿಯಲ್ಲಿ ಕೂತಿದ್ದ. ರಕ್ಷಿತಾ ಅವನಿಗೆ ಮನೆಯ ಲೋಟದಲ್ಲಿ ಕಾಫಿ ಕೊಟ್ಟಳು. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಬಹಳ ಹೊತ್ತು ಕುಡಿಯದೆ ಕೂತ.

ಒಳಗೆ ನಡುಮನೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ನು, ಅದರ ಹಿಂದೆ ಖಾಲಿ ಸ್ಟೂಲು. ಪ್ರೇಮಲೀಲಾ ಟೇಪನ್ನು ಎರಡು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟಳು. ತೆಗೆದು, ಬಿಡಿಸಿ, ಅವನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹಾಗೆ ಎರಡೂ ಕಡೆ ಇಳಿಬಿಟ್ಟು ಮತ್ತೆ ಇಟ್ಟಳು.

ಹಿಂದಕ್ಕೆ ನಡೆದು ಬಾಗಿಲಿಗೆ ಬಂದಳು. ಹೊಸಿಲ ಒಳಗೆ, ಗಿರಾಕಿಗಳು ನಿಲ್ಲುತ್ತಿದ್ದಷ್ಟೇ ದೂರದಲ್ಲಿ, ಕೈಗಳನ್ನು ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತಳು. ಸೆರಗು ಸರಿಮಾಡಿಕೊಂಡಳು.

ಆಮೇಲೆ ಸ್ಟೂಲಿನ ಎದುರು ಒಂದು ಸುತ್ತು ತಿರುಗಿದಳು, ನಿಧಾನವಾಗಿ.